ಫಿಟ್ಸ್ ಬರೋ ನಾಯೀನ ಮನೆಗೆ ತಗೊಳ್ಳೋದಾ ಬೇಡ್ವಾ? ಅನುಭವ ಇರೋರು ದಯವಿಟ್ಟು ಹೇಳಿ

ಮೈಸೂರು_ಮಲ್ಲಿಗೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಪ್ಲೀಸ್. ನಮ್ಮ ಏರಿಯಾದಲ್ಲಿ ಬೀದಿನಾಯಿಗಳಿಗೆ ದಿನಾ ಊಟ ಹಾಕೋ ಒಬ್ಬ ಅಕ್ಕ ಇದಾರೆ, ಅವರ ಮನೇಲಿ ಕೆಂಚ ಅಂತ ಒಬ್ಬ ಇದಾನೆ, ಸುಮಾರು ಮೂರು ವರ್ಷ, 16 ಕೆಜಿ, ಸಂತಾನಹರಣ ಆಪರೇಷನ್ ಆಗಿ ಕಿವಿ ತುದಿ ಕಟ್ ಮಾಡಿರೋ ನಮ್ಮ ನಾಡನಾಯೀನೇ. ಅವನಿಗೆ ತಿಂಗಳಿಗೆ ಒಂದೋ ಎರಡೋ ಸಲ ಫಿಟ್ಸ್ ಬರುತ್ತೆ. ಗಾರ್ಡಿನಾಲ್ 30 ಮಾತ್ರೆ ಬೆಳಗ್ಗೆ ಒಂದೂವರೆ, ರಾತ್ರಿ ಒಂದೂವರೆ ಕೊಡ್ತಿದಾರೆ. ಇಲ್ಲೀವರೆಗೆ ಎರಡು ಮನೆಯವರು ತಗೊಂಡು ಹೋಗಿ ವಾಪಸ್ ತಂದು ಬಿಟ್ಟಿದಾರೆ, ಎರಡನೇ ಮನೆಯವರಂತೂ ನಾಲ್ಕೇ ದಿನಕ್ಕೆ ಗೇಟಿಗೆ ಕಟ್ಟಿ ಹೋಗಿದ್ರಂತೆ. ಅದನ್ನ ಕೇಳಿದಾಗಿಂದ ನಂಗೆ ನಿದ್ದೆ ಇಲ್ಲ.

ನನ್ನ ಗಂಡ ತಗೊಳ್ಳೋಣ ಅಂತಿದಾರೆ. ಮನೇಲಿ ಏಳು ವರ್ಷದ ಮಗ ಇದಾನೆ, 68 ವರ್ಷದ ಅತ್ತೆ ಇದಾರೆ. ಅತ್ತೆಗೆ ಭಯ, ಅದು ಮಗೂಗೆ ಅಂಟುತ್ತೇನೋ ಅಂತ, ಆಮೇಲೆ ಅಮಾವಾಸ್ಯೆ ಬಂದ್ರೆ ಜಾಸ್ತಿ ಆಗುತ್ತೆ ಅಂತ ಅವರ ತವರಿನ ಕಡೆ ಹೇಳ್ತಾರಂತೆ. ನನ್ನ ಪ್ರಶ್ನೆ ಇಷ್ಟೇ, ಫಿಟ್ಸ್ ಬಂದಾಗ ಕಚ್ಚುತ್ತಾ? ಜೀವನ ಪೂರ್ತಿ ಮಾತ್ರೆ ಕೊಡ್ಬೇಕಾ? ನಮ್ಮಂಥ ಸಾಧಾರಣ ಮನೆಯವರ ಕೈಲಿ ಆಗುತ್ತಾ?

ಹಾಸನ_ತೋಟದಮನೆ:
ಅಕ್ಕ, ನಮ್ಮ ರಾಣಿಗೆ ಐದು ವರ್ಷದಿಂದ ಇದೆ, ಅದಕ್ಕೇ ಬರೀತಿದೀನಿ. ಮೊದಲನೇ ಸಲ ಬಂದಾಗ ನಾವು ಮಾಡಿದ್ದೆಲ್ಲಾ ತಪ್ಪೇ. ಕಾಫಿ ಕುಯ್ಲು ಟೈಮು, ಕಣದಲ್ಲಿ ಮಲಗಿದ್ದೋಳು ಇದ್ದಕ್ಕಿದ್ದಂಗೆ ಪಕ್ಕಕ್ಕೆ ಬಿದ್ಲು, ಕಾಲು ನಾಲ್ಕೂ ಮರದ ಕೊರಡಿನ ಥರ ಸೆಟೆದುಕೊಂಡು ಆಮೇಲೆ ಈಜೋ ಥರ ಹೊಡ್ಕೊಳ್ಳೋಕೆ ಶುರು, ಬಾಯಲ್ಲಿ ನೊರೆ, ಉಚ್ಚೆ ಎಲ್ಲ ಹೋಗ್ಬಿಡ್ತು. ಒಬ್ರು ಕಬ್ಬಿಣದ ಬೀಗದಕೈ ತಂದು ಕಾಲ ಹತ್ರ ಇಟ್ರು, ಇನ್ನೊಬ್ರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ್ರು, ನಾನು ನಾಲಿಗೆ ಕಚ್ಕೊಂಡು ಸಾಯುತ್ತೆ ಅಂತ ಬಾಯಿಗೇ ಕೈ ಹಾಕ್ದೆ. ಬಲಗೈ ಹೆಬ್ಬೆಟ್ಟಿಗೆ ಹಲ್ಲು ಇಳೀತು, ಹೊಲಿಗೆ ಹಾಕಿಸ್ಕೊಂಡು ಇಂಜೆಕ್ಷನ್ ತಗೊಂಡೆ. ಅವಳು ಬೇಕು ಅಂತ ಕಚ್ಚಿದ್ದಲ್ಲ, ಅವಳಿಗೆ ಪ್ರಜ್ಞೇನೇ ಇರ್ಲಿಲ್ಲ. ನಾಯಿ ನಾಲಿಗೆ ನುಂಗಲ್ಲ ಅಕ್ಕ, ಇದೊಂದು ಮಾತು ಮನೆಯವರಿಗೆಲ್ಲಾ ಹೇಳಿ. ಬಾಯಿ ಹತ್ರ ಯಾರೂ ಕೈ ತಗೊಂಡು ಹೋಗ್ಬಾರ್ದು, ನೀರು ಹಾಕ್ಬಾರ್ದು, ಹಿಡಿದು ಅದುಮಬಾರ್ದು. ಮೆಟ್ಟಿಲು, ಟೇಬಲ್ ಕಾಲು ಹತ್ರ ಇದ್ರೆ ಅಲ್ಲಿಂದ ಸರಿಸಿ, ತಲೆ ಕೆಳಗೆ ಒಂದು ಹಳೇ ಟವಲ್ಲು, ಲೈಟ್ ಆಫ್, ಟಿವಿ ಆಫ್, ಸುಮ್ನೆ ಗಡಿಯಾರ ನೋಡಿ ಕೂರೋದು ಅಷ್ಟೇ. ಆ ಗಡಿಯಾರ ನೋಡೋದೇ ಕಷ್ಟದ ಕೆಲ್ಸ, ಒಂದು ನಿಮಿಷ ಒಂದು ಗಂಟೆ ಥರ ಹೋಗುತ್ತೆ.

ಇನ್ನೊಂದು, ತೋಟದ ಕಡೆ ಇರೋರು ಗಮನಿಸಿ. ಔಷಧಿ ಹೊಡೆದ ಡ್ರಮ್ಮು ನೆಕ್ಕಿದ್ರೂ, ಬಸವನಹುಳಕ್ಕೆ ಹಾಕೋ ಹರಳು ತಿಂದ್ರೂ ಹೀಗೇ ನಡುಕ, ಫಿಟ್ಸ್ ಬರುತ್ತೆ. ಅದು ಮೂರ್ಛೆರೋಗ ಅಲ್ಲ, ವಿಷ. ಕಾಯದೇ ತಕ್ಷಣ ಡಾಕ್ಟರ್ ಹತ್ರ ಓಡ್ಬೇಕು.

ಪಶುವೈದ್ಯೆ_ಶಿವಮೊಗ್ಗ:
ಮೈಸೂರಿನವರೇ, ಪ್ರಶ್ನೆ ಒಳ್ಳೇದು ಕೇಳಿದೀರಿ. ಮೊದಲು ನಿಮ್ಮ ಅತ್ತೆಯವರ ಭಯಕ್ಕೆ ಉತ್ತರ. ಇದು ಅಂಟುರೋಗ ಅಲ್ಲ, ನಾಯಿಯಿಂದ ಮನುಷ್ಯರಿಗೂ ಬರಲ್ಲ, ಮನುಷ್ಯರಿಂದ ಮನುಷ್ಯರಿಗೂ ಬರಲ್ಲ. ಮಿದುಳಲ್ಲಿ ವಿದ್ಯುತ್ ಸಂಕೇತ ಒಂದು ಕ್ಷಣ ಹತೋಟಿ ತಪ್ಪೋದು ಅಷ್ಟೇ.

ತಗೊಳ್ಳೋ ಮುಂಚೆ ಆ ಅಕ್ಕನ ಹತ್ರ ಕೆಲವು ವಿಷಯ ಕೇಳ್ಕೊಳ್ಳಿ. ಮೊದಲನೇ ಫಿಟ್ಸ್ ಯಾವ ವಯಸ್ಸಿಗೆ ಬಂತು? ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗಿ, ಎರಡು ಫಿಟ್ಸ್ ಮಧ್ಯೆ ನಾಯಿ ಪೂರ್ತಿ ನಾರ್ಮಲ್ ಇದ್ದು, ರಕ್ತಪರೀಕ್ಷೆಲಿ ಲಿವರ್, ಸಕ್ಕರೆ, ಕ್ಯಾಲ್ಸಿಯಂ ಎಲ್ಲ ಸರಿ ಇದ್ರೆ ಹೆಚ್ಚಾಗಿ ಅದು ಕಾರಣ ಗೊತ್ತಾಗದ ಹುಟ್ಟುಗುಣದ ಮೂರ್ಛೆರೋಗ, ಇಡಿಯೋಪಥಿಕ್ ಎಪಿಲೆಪ್ಸಿ ಅಂತೀವಿ. ಮರಿ ಇದ್ದಾಗ ಡಿಸ್ಟೆಂಪರ್, ಅಂದ್ರೆ ನಾಯಿಗಳಿಗೆ ಬರೋ ಒಂದು ವೈರಸ್ ಕಾಯಿಲೆ, ಬಂದಿತ್ತಾ ಅಂತಲೂ ಕೇಳಿ, ನಮ್ಮ ಬೀದಿನಾಯಿಗಳಲ್ಲಿ ಇದು ತುಂಬಾ ಜಾಸ್ತಿ, ಬದುಕುಳಿದವಕ್ಕೆ ಆಮೇಲೆ ಫಿಟ್ಸೋ, ಸುಮ್ನೆ ಮಲಗಿದ್ದಾಗಲೂ ಒಂದು ಕಾಲೋ ದವಡೆಯೋ ಟಿಕ್ ಟಿಕ್ ಅಂತ ಅದುರೋದೋ ಉಳ್ಕೊಳ್ಳುತ್ತೆ. ಈವರೆಗೆ ಮಾಡಿಸಿದ ರಕ್ತಪರೀಕ್ಷೆ ಚೀಟಿ, ಫಿಟ್ಸ್ ಬಂದಾಗಿನ ಮೊಬೈಲ್ ವಿಡಿಯೋ ಇದ್ರೆ ಇಸ್ಕೊಳ್ಳಿ. ನಮ್ಮ ಹತ್ರ ಬರೋ ಹೊತ್ತಿಗೆ ನಾಯಿ ಬಾಲ ಅಲ್ಲಾಡಿಸ್ತಾ ನಿಂತಿರುತ್ತೆ, ನಾವು ಏನೂ ನೋಡಿರಲ್ಲ, ಆ 30 ಸೆಕೆಂಡ್ ವಿಡಿಯೋ ನಮಗೆ ನೂರು ಮಾತಿಗಿಂತ ಹೆಚ್ಚು.

ಯಾವಾಗ ಎಮರ್ಜೆನ್ಸಿ ಅಂದ್ರೆ: ಐದು ನಿಮಿಷ ದಾಟಿದ್ರೆ, ಒಂದು ಮುಗಿದು ಪ್ರಜ್ಞೆ ಬರೋ ಮುಂಚೇನೇ ಇನ್ನೊಂದು ಬಂದ್ರೆ, 24 ಗಂಟೆಲಿ ಎರಡಕ್ಕಿಂತ ಹೆಚ್ಚು ಬಂದ್ರೆ. ಅಷ್ಟು ಹೊತ್ತು ಸ್ನಾಯು ಹೊಡ್ಕೊಂಡ್ರೆ ಮೈ ಬಿಸಿ ವಿಪರೀತ ಏರುತ್ತೆ, ಗಾಡಿಲಿ ಕರ್ಕೊಂಡು ಹೋಗ್ತಾ ಪಾದಕ್ಕೆ ಹೊಟ್ಟೆಗೆ ನಲ್ಲಿ ನೀರಲ್ಲಿ ಒದ್ದೆ ಬಟ್ಟೆ ಒರೆಸ್ತಾ ಇರಿ, ಕಿಟಕಿ ತೆಗೀರಿ. ಫಿಟ್ಸ್ ನಿಲ್ಲಿಸೋಕೆ ಅಂತ ಮನೇಲೇ ಇಟ್ಕೊಳ್ಳೋಕೆ ಗುದದ್ವಾರಕ್ಕೆ ಹಾಕೋ ಡಯಾಜೆಪಾಮ್ ಅಥವಾ ಮೂಗಿಗೆ ಹೊಡೆಯೋ ಮಿಡಜೋಲಮ್ ಸ್ಪ್ರೇ ನಿಮ್ಮ ಡಾಕ್ಟರ್ ಬರ್ಕೊಡ್ತಾರೆ, ಹಾಕೋದು ಹೇಗೆ ಅಂತ ಅವರ ಮುಂದೇನೇ ಒಂದ್ಸಲ ಕಲ್ತು ಬನ್ನಿ. ಡೋಸ್ ನಾನಿಲ್ಲಿ ಬರೆಯಲ್ಲ, ಅದು ತೂಕ ನೋಡಿ ಅವರೇ ಹೇಳ್ಬೇಕು.

ಕಚ್ಚೋ ವಿಷಯ ತೋಟದಮನೆಯವರು ಹೇಳಿದ್ದೇ ಸರಿ. ಒಂದು ಸೇರಿಸ್ತೀನಿ, ಫಿಟ್ಸ್ ಮುಗಿದ ಮೇಲಿನ ಅರ್ಧ ಗಂಟೆ ಒಂದು ಗಂಟೆ ಇದೆಯಲ್ಲ, ಆಗ ನಾಯಿಗೆ ಕಣ್ಣು ಸರಿಯಾಗಿ ಕಾಣಲ್ಲ, ನೀವು ಯಾರು ಅಂತಾನೂ ಗೊತ್ತಾಗದೇ ಇರಬಹುದು. ಮಗ ಓಡಿ ಹೋಗಿ ತಬ್ಕೋಬಾರ್ದು. ಏಳು ವರ್ಷದ ಮಗು ಹೇಳಿದ್ರೆ ಕೇಳುತ್ತೆ, ದೊಡ್ಡವರಿಗಿಂತ ಚೆನ್ನಾಗಿ ಕೇಳುತ್ತೆ.

ಧಾರವಾಡ_ಪೇಡಾ:
ಅಕ್ಕಾರ, ನಮ್ಮ ಮನ್ಯಾಗ ಡಿಸ್ಟೆಂಪರ್ ಆಗಿ ಉಳದ ನಾಯಿ ಐತ್ರಿ, ಕರಿಯಾ ಅಂತ. ಹಿಂದಿನ ಎಡಗಾಲು ಇವತ್ತಿಗೂ ಗಡಿಯಾರದ ಮುಳ್ಳಿನಂಗ ಅದುರತದ, ಫಿಟ್ಸೂ ಬರ್ತಾವ್ರಿ. ಒಬ್ಬ ಡಾಕ್ಟರು ಮೊದಲನೇ ದಿನಾನ ಇದನ್ನ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ರಿ ಅಂದಿದ್ರು. ನಮ್ಮ ಅವ್ವ ಅಲ್ಲೇ ಟೇಬಲ್ ಮ್ಯಾಲಿಂದ ಎತ್ಕೊಂಡು ಹೊರಗ ಬಂದ್ಲು. ನಾಕು ವರ್ಷ ಆತ್ರಿ, ಇನ್ನೂ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಎಲ್ಲಿದ್ರೂ ಓಡಿ ಬರ್ತಾನ.

ನೀವು ಕೇಳಬೇಕಾದ್ದು ಕಚ್ಚತದೋ ಇಲ್ಲೋ ಅನ್ನೂದು ಅಲ್ರೀ, ಮುಂಜಾನೆ ಏಳಕ್ಕ, ಸಂಜಿ ಏಳಕ್ಕ ಮನ್ಯಾಗ ಯಾರಿರ್ತೀರಿ ಅನ್ನೂದು. ಹನ್ನೆರಡು ತಾಸಿಗೊಮ್ಮೆ ಗುಳಿಗಿ ಅಂದ್ರ ಹನ್ನೆರಡು ತಾಸಾರೀ. ಮದುವಿ ಇರಲಿ, ಜಾತ್ರಿ ಇರಲಿ, ಸಾವು ಇರಲಿ. ಒಮ್ಮೆ ನಾವು ಎಲ್ಲಾರೂ ಕೂಡಿ ಲಗ್ನಕ್ಕ ಹೋಗಿ ತಡಾ ಮಾಡಿದ್ವಿ, ಎರಡು ಹೊತ್ತಿನ ಗುಳಿಗಿ ತಪ್ಪಿತು, ಮರದಿನ ಒಂದಾದ ಮ್ಯಾಲೆ ಒಂದು ಮೂರು ಬಂದ್ವು. ಅವತ್ತಿನಿಂದ ನಮ್ಮನ್ಯಾಗ ಎಲ್ಲಾರೂ ಒಮ್ಮೆಲೆ ಊರಿಗೆ ಹೋಗೂದು ಬಿಟ್ಟೇವ್ರಿ. ಒಬ್ಬರಾದರೂ ಉಳಿತೀವಿ. ಅದು ನಮಗ ಭಾರ ಅನಸಿಲ್ರೀ, ಆದ್ರ ಮೊದಲ ಗೊತ್ತಿರಬೇಕು.

ಬೆಂದಕಾಳೂರು_83:
ಕೊಬ್ಬರಿ ಎಣ್ಣೆ ಊಟಕ್ಕೆ ಹಾಕಿದ್ರೆ ಫಿಟ್ಸ್ ಕಮ್ಮಿ ಆಗುತ್ತೆ ಅಂತ ವಾಟ್ಸಾಪಲ್ಲಿ ನೋಡಿದ್ದೆ, ನಿಜಾನಾ? ಮಾತ್ರೆ ಬದಲು ಅದೇ ಕೊಡಬಹುದಾ?

ಪಶುವೈದ್ಯೆ_ಶಿವಮೊಗ್ಗ:
ಮಾತ್ರೆ ಬದಲು ಖಂಡಿತ ಬೇಡ. ಈ ಮಾತು ಹುಟ್ಟಿದ್ದು ಎಲ್ಲಿಂದ ಅಂದ್ರೆ, 2015ರಲ್ಲಿ ಇಂಗ್ಲೆಂಡಿನಲ್ಲಿ ಎಂಸಿಟಿ ಅನ್ನೋ ಒಂದು ಥರದ ಕೊಬ್ಬು ಸೇರಿಸಿದ ಆಹಾರ ಕೊಟ್ಟು ನೋಡಿದ್ರು, ಕೆಲವು ನಾಯಿಗಳಲ್ಲಿ ಫಿಟ್ಸ್ ಕಮ್ಮಿ ಆಯ್ತು. ಆದ್ರೆ ಆ ನಾಯಿಗಳೂ ಮಾತ್ರೆ ಮೇಲೇನೇ ಇದ್ದವು, ಮತ್ತೆ ನಮ್ಮ ಗಾಣದ ಕೊಬ್ಬರಿ ಎಣ್ಣೇಲಿ ಜಾಸ್ತಿ ಇರೋದು ಲಾರಿಕ್ ಆಮ್ಲ, ಎಂಸಿಟಿ ಎಣ್ಣೇಲಿ ಇರೋದು ಬೇರೆ. ಸೌಟುಗಟ್ಟಲೆ ಎಣ್ಣೆ ಹಾಕಿದ್ರೆ ಭೇದಿ ಆಗುತ್ತೆ, ಮೇದೋಜೀರಕ ಗ್ರಂಥಿ ಊದಿಕೊಂಡು ಬೇರೆ ಕಷ್ಟ.

ಗಾರ್ಡಿನಾಲನ್ನ, ಅಂದ್ರೆ ಫಿನೋಬಾರ್ಬಿಟಾನ್, ಫಿಟ್ಸ್ ನಿಂತಿದೆ ಇನ್ಯಾಕೆ ಅಂತ ಒಂದೇ ಸಲ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದ್ದಕ್ಕೇ ಅರ್ಧರಾತ್ರಿಲಿ ಹೊತ್ಕೊಂಡು ಬಂದಿರೋ ನಾಯಿಗಳನ್ನ ನೋಡಿದೀನಿ.

ಕುಡ್ಲದ_ಕಡಲು:
ನಮ್ಮದು ಲ್ಯಾಬ್ರಡಾರ್, ಈಗ ಎಂಟು ವರ್ಷ. ನಾವು ಇರುವುದು ಫ್ಲ್ಯಾಟಲ್ಲಿ, ನಮಗೆ ಕಾಯಿಲೆಗಿಂತ ಜನರದ್ದೇ ದೊಡ್ಡ ಕಷ್ಟ ಆದದ್ದು. ಒಮ್ಮೆ ಕೆಳಗೆ ಪಾರ್ಕಿಂಗಲ್ಲಿ ಬಿದ್ದು ನೊರೆ ಬಂತು, ಅದನ್ನು ನೋಡಿದವರು ಹುಚ್ಚುನಾಯಿ ಹುಚ್ಚುನಾಯಿ ಅಂತ ಬೊಬ್ಬೆ ಹೊಡೆದು ಮರುದಿನ ಮೀಟಿಂಗೇ ಕರೆದರು, ನಾಯಿಯನ್ನು ಹೊರಗೆ ಹಾಕ್ಬೇಕು ಅಂತ. ನಾನು ಜಗಳ ಮಾಡ್ಲಿಕ್ಕೆ ಹೋಗ್ಲಿಲ್ಲ. ಡಾಕ್ಟ್ರ ಚೀಟಿ, ರೇಬೀಸ್ ಲಸಿಕೆ ಪುಸ್ತಕ ಎರಡೂ ಜೆರಾಕ್ಸ್ ಮಾಡಿ ಪ್ರತಿ ಮನೆಗೆ ಕೊಟ್ಟು ಬಂದೆ. ಹುಚ್ಚು ಹಿಡಿದ ನಾಯಿ ಲಕ್ಷಣ ಶುರುವಾದ ಮೇಲೆ ಹತ್ತು ದಿನದ ಒಳಗೆ ಸಾಯ್ತದೆ, ಇವಳಿಗೆ ಮೂರು ವರ್ಷದಿಂದ ಫಿಟ್ಸ್ ಉಂಟು, ಬಂದು ಹೋದ ಮೇಲೆ ಅನ್ನ ಕೇಳ್ತಾಳೆ, ಇದು ಅದಲ್ಲ ಅಂತ ಒಬ್ಬೊಬ್ಬರ ಹತ್ರ ಹೇಳಿದೆ. ಸಾಕುನಾಯಿ ಇಡಬಾರದು ಅಂತ ಅಸೋಸಿಯೇಷನ್ ಬಹುಮತದಿಂದಲೂ ನಿಯಮ ಮಾಡ್ಲಿಕ್ಕೆ ಆಗುದಿಲ್ಲ, ಅದು 2015ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಕೊಟ್ಟ ಮಾರ್ಗಸೂಚಿಯಲ್ಲೇ ಉಂಟು. ಆದರೆ ಕೆಲಸಕ್ಕೆ ಬಂದದ್ದು ಆ ಕಾಗದ ಅಲ್ಲ, ಎದುರು ಮನೆ ಅಜ್ಜಿ. ಅವರ ಮೊಮ್ಮಗನಿಗೂ ಫಿಟ್ಸ್ ಇತ್ತಂತೆ, ಮೀಟಿಂಗಲ್ಲಿ ಎದ್ದು ನಿಂತು ಆ ಮಗುವನ್ನೂ ಹೊರಗೆ ಹಾಕ್ತೀರಾ ಅಂತ ಕೇಳಿದರು. ಮತ್ತೆ ಯಾರೂ ಮಾತಾಡ್ಲಿಲ್ಲ.

ಇನ್ನೊಂದು ಹೇಳ್ತೇನೆ, ಉಣ್ಣಿ ಔಷಧಿ. ನಮ್ಮ ಕಡೆ ಮಳೆಗಾಲ ಬಂದರೆ ಉಣ್ಣಿ ಕೇಳುವುದೇ ಬೇಡ. ತಿಂಗಳಿಗೊಂದು, ಮೂರು ತಿಂಗಳಿಗೊಂದು ಅಂತ ಬಾಯಿಗೆ ಕೊಡುವ ಮಾತ್ರೆ ಬರ್ತದಲ್ಲ, ಐಸಾಕ್ಸಜೋಲಿನ್ ಗುಂಪಿನದ್ದು, ಅದರಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮೆಡಿಕಲ್ಲಿಂದ ನೀವೇ ತಂದು ಕೊಡ್ಬೇಡಿ, ಫಿಟ್ಸ್ ಉಂಟು ಅಂತ ಹೇಳಿ ಡಾಕ್ಟ್ರ ಹತ್ರ ಕೇಳಿ. ನಾವು ದಿನಾ ಸಂಜೆ ಕೂತು ಕೈಯಲ್ಲೇ ತೆಗೀತೇವೆ, ಕಿವಿ ಒಳಗೆ, ಬೆರಳ ಸಂದಿ, ಎಲ್ಲ.

ಒಂಟಿಮನೆ_ಬೆಂಗಳೂರು:
ನಾನು ಎರಡು ದಿನದಿಂದ ಓದ್ತಿದೀನಿ, ಬರೀಲಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೆ. ನಾನು ಹೋದ ವರ್ಷ ನನ್ನ ನಾಯಿ ಕಳ್ಕೊಂಡೆ. ಬೀಗಲ್, ನಾಲ್ಕು ವರ್ಷ. ನಾನೊಬ್ಬಳೇ ಇರೋದು, ಆಫೀಸು ಹೋಗಿ ಬರೋಕೆ ಹನ್ನೊಂದು ಹನ್ನೆರಡು ಗಂಟೆ ಆಗೋದು. ಒಂದು ದಿನ ಬಾಗಿಲು ತೆಗೆದಾಗ ಹಾಲಲ್ಲಿ ಇನ್ನೂ ಹೊಡ್ಕೊಳ್ತಾನೇ ಇದ್ದ, ಯಾವಾಗ ಶುರುವಾಗಿತ್ತೋ, ಮೈ ಮುಟ್ಟಿದ್ರೆ ಕಾದ ಕಾವಲಿ ಥರ ಇತ್ತು. ಆಸ್ಪತ್ರೆಗೆ ಹೋದ್ವಿ, ಬೆಳಗಿನ ಜಾವ ಹೋದ.

ತಗೋಬೇಡಿ ಅಂತ ಹೇಳೋಕೆ ಬರ್ದಿದ್ದಲ್ಲ. ನಿಮ್ಮನೇಲಿ ಅತ್ತೆ ಇದಾರೆ ಅಂದ್ರಲ್ಲ, ದಿನ ಪೂರ್ತಿ ಮನೇಲಿ ಒಬ್ರು ಇರ್ತಾರೆ ಅಂದ್ರೆ ಅದೇ ಎಲ್ಲಕ್ಕಿಂತ ದೊಡ್ಡದು, ನನ್ ಹತ್ರ ಅದು ಇರ್ಲಿಲ್ಲ. ಅದಕ್ಕೆ ಅತ್ತೆಯವರು ಒಪ್ಪದೇ ತಗೋಬೇಡಿ, ಅವರು ಮನಸಾರೆ ಒಪ್ಪಲಿ. ಮತ್ತೆ ರಾತ್ರಿ ತೆರೆದಿರೋ ಆಸ್ಪತ್ರೆ ಎಲ್ಲಿದೆ ಅಂತ ಇವತ್ತೇ ಹೋಗಿ ನೋಡ್ಕೊಂಡು ಬನ್ನಿ, ಆ ದಿನ ಹುಡುಕೋದಲ್ಲ. ಖರ್ಚು ಯಾರೂ ಹೇಳ್ಲಿಲ್ಲ ಅದಕ್ಕೆ ಹೇಳ್ತೀನಿ, ಗಾರ್ಡಿನಾಲ್ ಅಗ್ಗ, ನನಗೆ ತಿಂಗಳಿಗೆ 200 ರೂಪಾಯಿ ದಾಟ್ತಿರ್ಲಿಲ್ಲ. ಆಮೇಲೆ ಲೆವೆಟಿರಾಸಿಟಮ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆ ಸೇರಿಸಿದ್ರು, ಅದು ಎಂಟು ಗಂಟೆಗೊಂದು, ಅದಕ್ಕೇ ಸಾವಿರದ ಮೇಲಾಗೋದು. ರಕ್ತಪರೀಕ್ಷೆ ಬೇರೆ.

ಧಾರವಾಡ_ಪೇಡಾ:
ತಂಗಿ, ಓದಿ ಕಣ್ಣಾಗ ನೀರ ಬಂತು. ನಿನ್ನ ತಪ್ಪಿಲ್ಲವ್ವಾ. ಅವ ನಾಕು ವರ್ಷ ಬದುಕಿದ್ದು ನಿನ್ನಿಂದ.

ಮೈಸೂರು_ಮಲ್ಲಿಗೆ:
ಎಲ್ರಿಗೂ ಒಬ್ಬೊಬ್ರಿಗೇ ಉತ್ತರ ಕೊಡೋಕೆ ಆಗ್ಲಿಲ್ಲ, ಕ್ಷಮಿಸಿ. ಒಂಟಿಮನೆಯವರೇ, ನಿಮ್ಮ ಪೋಸ್ಟನ್ನ ಅತ್ತೆಗೆ ಓದಿ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ್ರು. ರಾತ್ರಿ ಊಟಕ್ಕೆ ಕೂತಾಗ ಅವರೇ ಅಂದ್ರು, ನಾನು ಹಗಲೆಲ್ಲಾ ಮನೇಲಿ ಸುಮ್ನೆ ತಾನೇ ಕೂತಿರ್ತೀನಿ, ಕರ್ಕೊಂಡು ಬನ್ನಿ, ಆದ್ರೆ ಹದಿನೈದು ದಿನ ನೋಡೋಣ ಅಂತ. ಆ ಅಕ್ಕನೂ ಅದಕ್ಕೆ ಒಪ್ಪಿದ್ರು.

ಕೆಂಚ ಬಂದು ಇವತ್ತಿಗೆ ಹನ್ನೊಂದು ದಿನ. ಒಂಬತ್ತನೇ ರಾತ್ರಿ ಬಂತು. ಮೂರು ಗಂಟೆ ನಲವತ್ತು ನಿಮಿಷ. ಎಚ್ಚರ ಆಗಿದ್ದು ಸದ್ದಿಗೆ, ರೆಡ್ ಆಕ್ಸೈಡ್ ನೆಲದ ಮೇಲೆ ಉಗುರು ಒಂದೇ ಸಮನೆ ಕೆರೆಯೋ ಸದ್ದು. ಲೈಟ್ ಹಾಕಿದ್ರೆ ನಡುಮನೇಲಿ ಬಿದ್ದಿದಾನೆ, ಕಣ್ಣು ತೆರೆದಿದೆ ಆದ್ರೆ ಒಳಗೆ ಯಾರೂ ಇಲ್ಲದ ಹಾಗಿದೆ. ನಾನು ಓದಿದ್ದೆಲ್ಲಾ ಮರೆತೇ ಹೋಯ್ತು, ಹಿಡ್ಕೊಳ್ಳೋಕೆ ಹೋದೆ, ಅತ್ತೆ ಹಿಂದಿಂದ ಬಂದು ನನ್ನ ರಟ್ಟೆ ಹಿಡಿದು ಎಳೆದ್ರು, ಬಾಯಿ ಹತ್ರ ಹೋಗ್ಬೇಡ ಅಂತ. ಅವರೇ ತಮ್ಮ ಹಳೇ ಹತ್ತಿಸೀರೆ ಮಡಚಿ ತಲೆ ಕೆಳಗೆ ಸರಿಸಿದ್ರು. ನಮ್ಮ ಯಜಮಾನ್ರು ಮೊಬೈಲಲ್ಲಿ ಟೈಮ್ ನೋಡ್ತಾ ಜೋರಾಗಿ ಹೇಳ್ತಿದ್ರು, ಒಂದು ನಿಮಿಷ, ಒಂದೂವರೆ. ಒಂದು ನಿಮಿಷ ಐವತ್ತು ಸೆಕೆಂಡಿಗೆ ನಿಂತಿತು. ಆಮೇಲೆ ಎದ್ದು ನಡೆಯೋಕೆ ಶುರು ಮಾಡ್ದ, ಗೋಡೆಗೆ ಹೋಗಿ ತಲೆ ಗುದ್ದೋದು, ಬೀರು ಮತ್ತೆ ಮಂಚದ ಸಂದಿಗೆ ಹೋಗಿ ವಾಪಸ್ ಬರೋಕೆ ಗೊತ್ತಾಗದೇ ನಿಲ್ಲೋದು. ಮಗ ಎದ್ದು ಬಂದ, ಅವನಿಗೆ ಮೊದಲೇ ಹೇಳಿದ್ವಲ್ಲ, ಮುಟ್ಟಲಿಲ್ಲ, ಸೋಫಾ ಮೇಲೆ ಕಾಲು ಮಡಚಿ ಕೂತು ಮೆತ್ತಗೆ ಕೆಂಚ ಕೆಂಚ ಅಂತ ಕರೀತಾ ಇದ್ದ. ಮುಕ್ಕಾಲು ಗಂಟೆ ಆಗಿರಬೇಕು, ಆ ದನಿ ಕಡೆ ಕಿವಿ ತಿರುಗಿತು. ಆಮೇಲೆ ಬಾಲ. ಒಂದು ಬಟ್ಟಲು ಮೊಸರನ್ನ ತಿಂದು ಅತ್ತೆ ಸೀರೆ ಮೇಲೇ ಮಲಗಿದ.

ಬೆಳಗ್ಗೆ ಅತ್ತೆ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಆ ದಿನಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಟೈಮ್ ಬರೆದಿದ್ರು. ಹದಿನೈದು ದಿನದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಒಂದು ಸಹಾಯ ಬೇಕು, ಮಾತ್ರೆ ನುಂಗಲ್ಲ, ಅನ್ನದಲ್ಲಿ ಕಲಸಿದ್ರೆ ಅದೊಂದನ್ನ ಬಿಟ್ಟು ತಿಂತಾನೆ. ಮತ್ತೆ ಯಾವಾಗ ನೋಡಿದ್ರೂ ಹಸಿವು ಹಸಿವು ಅಂತಾನೆ, ನೀರು ತುಂಬಾ ಕುಡೀತಾನೆ, ಇದು ಸರೀನಾ?

ಹಾಸನ_ತೋಟದಮನೆ:
ಮುದ್ದೆ ಅಕ್ಕ ಮುದ್ದೆ! ಬಿಸಿ ಆರಿದ ರಾಗಿಮುದ್ದೇಲಿ ಗೋಲಿ ಗಾತ್ರದ ಮೂರು ಉಂಡೆ ಮಾಡಿ, ಮೊದಲನೇದು ಬರೀ ಮುದ್ದೆ, ಎರಡನೇದರಲ್ಲಿ ಮಾತ್ರೆ, ಮೂರನೇದನ್ನ ಮೂಗಿನ ಮುಂದೆ ಹಿಡ್ಕೊಂಡಿರಿ. ಮೂರನೇದರ ಆಸೆಗೆ ಎರಡನೇದನ್ನ ಅಗಿಯದೇ ನುಂಗ್ತಾರೆ. ಮುದ್ದೆ ಯಾರಾದ್ರೂ ಅಗೀತಾರಾ? ಐದು ವರ್ಷದಲ್ಲಿ ಒಂದು ದಿನಾನೂ ತಪ್ಪಿಲ್ಲ.

ಪಶುವೈದ್ಯೆ_ಶಿವಮೊಗ್ಗ:
ಹಸಿವು, ಬಾಯಾರಿಕೆ, ಜಾಸ್ತಿ ಉಚ್ಚೆ, ಶುರುವಿನಲ್ಲಿ ತೂಕಡಿಕೆ, ನಡಿಗೆ ತೂರಾಡೋದು ಇದೆಲ್ಲಾ ಫಿನೋಬಾರ್ಬಿಟಾನ್ ಗುಣ. ನೀರು ಕಮ್ಮಿ ಮಾಡಬೇಡಿ. ಊಟ ಮಾತ್ರ ಅಳತೆ ಮಾಡಿ ಕೊಡಿ, ಹಸಿವು ಅಂತ ಕೊಡ್ತಾ ಹೋದ್ರೆ ಬೇಗ ದಪ್ಪ ಆಗ್ತಾರೆ, ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್ ಸೇರಿಸಿದ್ರೆ ಹೊಟ್ಟೆ ತುಂಬಿದ ಹಾಗಿರುತ್ತೆ. ರಕ್ತದಲ್ಲಿ ಔಷಧಿ ಮಟ್ಟ ಯಾವಾಗ ನೋಡಿದಾರೆ ಕೇಳಿ. ಡೋಸ್ ಶುರು ಮಾಡಿ ಅಥವಾ ಬದಲಾಯಿಸಿ ಎರಡು ವಾರಕ್ಕೆ ಒಂದ್ಸಲ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಂದ್ಸಲ ಲಿವರ್ ಜೊತೆ ನೋಡಿಸಬೇಕು. ಈ ಟೆಸ್ಟು ಮನುಷ್ಯರ ಲ್ಯಾಬುಗಳಲ್ಲೂ ಮಾಡ್ತಾರೆ. ಬಿಳಿಗಣ್ಣು ಹಳದಿ ಆಗೋದು, ಊಟ ಬಿಡೋದು ಕಂಡ್ರೆ ಕಾಯಬೇಡಿ.

ಮೈಸೂರು_ಮಲ್ಲಿಗೆ:
ನಾಲ್ಕು ತಿಂಗಳಾದ ಮೇಲೆ ಬರೀತಿದೀನಿ. ಲ್ಯಾಬಲ್ಲಿ ಔಷಧಿ ಮಟ್ಟ 14 ಬಂತು, ಸಾಮಾನ್ಯವಾಗಿ 15ರ ಮೇಲಿರಬೇಕಂತೆ, ಡಾಕ್ಟರ್ ಒಂದೊಂದು ಹೊತ್ತಿಗೆ 60 ಎಂಜಿ ಅಂತ ಎರಡು ಹೊತ್ತಿಗೂ ಏರಿಸಿದ್ರು. ಆಮೇಲೆ ಫಿಟ್ಸ್ ಬಂದಿದ್ದು ಒಟ್ಟು ಎರಡೇ. ಒಂದು ದೀಪಾವಳಿ ದಿನ, ಕಿಟಕಿಗೆಲ್ಲಾ ಕಂಬಳಿ ಕಟ್ಟಿ, ಫ್ಯಾನು ಜೋರಾಗಿ ಹಾಕಿ ಒಳರೂಮಲ್ಲಿ ಅತ್ತೆ ಅವನ ಜೊತೆ ಕೂತಿದ್ರು, ಆದ್ರೂ ರಾತ್ರಿ ಹನ್ನೊಂದಕ್ಕೆ ಬಂತು, ಬೇಗ ನಿಂತಿತು.

ಮೊನ್ನೆ ಅತ್ತೆ ಕ್ಯಾಲೆಂಡರ್ ಕೆಳಗಿಳಿಸಿ ಕನ್ನಡಕ ಹಾಕ್ಕೊಂಡು ಹಾಳೆ ತಿರುವ್ತಾ ಕೂತಿದ್ರು. ಏನಮ್ಮಾ ಅಂದೆ. ನೋಡು, ದೀಪಾವಳಿ ಬಿಟ್ರೆ ಒಂದೂ ಅಮಾವಾಸ್ಯೆ ದಿನ ಬಂದಿಲ್ಲ, ಅದೂ ಪಟಾಕಿಗೆ ಬಂದಿದ್ದು, ನಮ್ಮ ಕಡೆಯವರು ಸುಮ್ನೆ ಹೇಳ್ತಿದ್ರು ಅನ್ಸುತ್ತೆ ಅಂದ್ರು. ಹೊಸ ವರ್ಷದ ಕ್ಯಾಲೆಂಡರ್ ಎರಡು ತರೋಕೆ ಹೇಳಿದಾರೆ, ಒಂದು ಮನೆಗೆ, ಒಂದು ಕೆಂಚನ್ನ ತೋರಿಸೋಕೆ ಡಾಕ್ಟರ್ ಹತ್ರ ತಗೊಂಡು ಹೋಗೋಕೆ.

ಕುಡ್ಲದ_ಕಡಲು:
ಖುಷಿ ಆಯ್ತು ಮಾರಾಯ್ರೆ. ಒಂದು ಕೇಳ್ಬೇಕಿತ್ತು, ನಮ್ಮಲ್ಲಿ ಎರಡು ವಾರದಿಂದ ಗಾರ್ಡಿನಾಲ್ 30 ಸಿಗ್ತಾ ಇಲ್ಲ, ನಿಮ್ಮಲ್ಲಿ ಸಿಗ್ತದಾ?

ಮೈಸೂರು_ಮಲ್ಲಿಗೆ:
ಇಲ್ಲಿ 60ದು ಸಿಗ್ತಿದೆ, ಡಾಕ್ಟರ್ ಚೀಟಿ ಇಲ್ದೆ ಕೊಡಲ್ಲ. ನಿಮ್ಮ ಡಾಕ್ಟರ್ ಹತ್ರ 60 ಅಂತಾನೇ ಹೊಸ ಚೀಟಿ ಬರೆಸಿ, ಅರ್ಧ ಮಾಡಿ ಕೊಡಬಹುದಾ ಕೇಳ್ಕೊಳ್ಳಿ. ನಾವು ಯಾವಾಗಲೂ ಇಪ್ಪತ್ತು ದಿನದ್ದು ಮುಂಚೇನೇ ತಂದಿಟ್ಕೋತೀವಿ, ಡಬ್ಬಿ ಅರ್ಧ ಆಯ್ತು ಅಂದ್ರೆ ಮಗನೇ ನೆನಪಿಸ್ತಾನೆ. ಏಳು ಗಂಟೆ ಆಗ್ತಾ ಬಂತು, ಕೆಂಚ ಅಡುಗೆಮನೆ ಹೊಸ್ತಿಲ ಮೇಲೆ ಬಂದು ಕೂತ, ಮುದ್ದೆ ಉಂಡೆ ಮಾಡ್ಬೇಕು. ನಾಳೆ ಮೆಡಿಕಲ್ ಕಡೆ ಹೋದಾಗ 30 ಬಂದಿದೆಯಾ ಕೇಳಿ ಇಲ್ಲೇ ಹಾಕ್ತೀನಿ.